ದೋಣಿ ನಿಮ್ಮದು, ಬಂದರು ಅವರದು

ಪ್ರಶ್ನೆ: ನಾನು ವ್ಯಾಪಾರಿ ಹಡಗುಗಳಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ವಯಸ್ಸು 61. ಮನೆ ಬಸವನಗುಡಿಯಲ್ಲಿ. ಕಳೆದ ವರ್ಷ 38 ಅಡಿಯ ಹಾಯಿದೋಣಿಯೊಂದನ್ನು ಕೊಂಡು ಕೊಚ್ಚಿಯಲ್ಲಿ ನಿಲ್ಲಿಸಿದ್ದೇವೆ. ಬರುವ ಜನವರಿಯಲ್ಲಿ ಹೊರಟು ಮಾಲ್ಡೀವ್ಸ್, ಶ್ರೀಲಂಕಾ, ಥಾಯ್ಲೆಂಡ್, ಮಲೇಷ್ಯಾ ಎಂದು ನಿಧಾನವಾಗಿ ಸುತ್ತುತ್ತಾ ಎರಡು ವರ್ಷದಲ್ಲಿ ಬ್ರಿಸ್ಬೇನಿನಲ್ಲಿರುವ ಮಗಳ ಮನೆ ತಲುಪುವ ಆಸೆ. ನಮ್ಮ ಜೊತೆ ಏಳು ವರ್ಷದ ಕರಿಯ (ಬೀದಿಯಿಂದ ತಂದ ನಾಯಿ, 18 ಕಿಲೋ) ಮತ್ತು ನಾಲ್ಕು ವರ್ಷದ ಬೆಕ್ಕು ಪುಟ್ಟಿ ಬರಬೇಕು. ಕೊಚ್ಚಿಯಲ್ಲಿ ಸಿಕ್ಕ ವಿದೇಶಿ ನಾವಿಕರೊಬ್ಬರು, ಪ್ರಾಣಿ ದೋಣಿಯಿಂದ ಇಳಿಯದಿದ್ದರೆ ಯಾವ ದೇಶದವರೂ ಕೇಳುವುದಿಲ್ಲ ಎಂದರು. ಇನ್ನೊಬ್ಬರು, ರೇಬೀಸ್ ಚುಚ್ಚುಮದ್ದಿನ ಪುಸ್ತಕ ಇದ್ದರೆ ಸಾಕು ಎಂದರು. ಕರಿಯನಿಗೆ ಪ್ರತಿ ಮಾರ್ಚ್‌ನಲ್ಲಿ ತಪ್ಪದೆ ಹಾಕಿಸಿದ್ದೇವೆ. ಸಮುದ್ರ ಜೋರಾದಾಗ ನಿದ್ದೆ ಬರುವ ಔಷಧಿ ಕೊಟ್ಟು ಮಲಗಿಸಬಹುದೇ ಎಂಬುದು ನನ್ನ ಪತ್ನಿಯ ಪ್ರಶ್ನೆ. ಇನ್ನೊಂದು ಫಜೀತಿ: ಕರಿಯ ಮಣ್ಣು, ಹುಲ್ಲು ಬಿಟ್ಟು ಬೇರೆಲ್ಲೂ ಕಾಲೆತ್ತುವುದಿಲ್ಲ. ಅವರಿಬ್ಬರನ್ನೂ ಬಿಟ್ಟು ಹೋಗುವ ಮನಸ್ಸು ನಮಗಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಜೂನ್ ಮೊದಲ ವಾರದಲ್ಲೇ ಬಂದದ್ದು ಒಳ್ಳೆಯದಾಯಿತು. ಇದೇ ಪ್ರಶ್ನೆ ಅಕ್ಟೋಬರ್‌ನಲ್ಲಿ ಬಂದಿದ್ದರೆ ನನ್ನ ಉತ್ತರ ಎರಡು ಸಾಲಿನದಾಗುತ್ತಿತ್ತು, ನಿಮಗೆ ಇಷ್ಟವೂ ಆಗುತ್ತಿರಲಿಲ್ಲ.

ನೀವು ಕೇಳಿರುವುದು ಮೂರು ಪ್ರಶ್ನೆ. ಕಾಗದಪತ್ರ ಏನು ಬೇಕು, ಪ್ರಾಣಿಗಳಿಗೆ ಸಮುದ್ರ ಒಗ್ಗುತ್ತದೆಯೇ, ಬ್ರಿಸ್ಬೇನ್ ತಲುಪಲು ಸಾಧ್ಯವೇ. ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಕರಿಯ ಮತ್ತು ಪುಟ್ಟಿ ನಿಮ್ಮ ದೋಣಿಯಿಂದ ಇಳಿದು ಆಸ್ಟ್ರೇಲಿಯಾದ ನೆಲವನ್ನು ಮೆಟ್ಟುವ ದಾರಿ ಇಲ್ಲ. ಆ ದೇಶಕ್ಕೆ ಹೊರಗಿನ ನಾಯಿ, ಬೆಕ್ಕು ಪ್ರವೇಶಿಸಬೇಕಾದರೆ ವಿಮಾನದಲ್ಲಿ ಮೆಲ್ಬರ್ನ್‌ಗೆ ಬಂದು, ಅಲ್ಲಿಯ ಮಿಕಲ್ಹಮ್ ಕ್ವಾರಂಟೈನ್ ಕೇಂದ್ರದಲ್ಲಿ ತಂಗಿ ಹೊರಬರಬೇಕು. ಕನಿಷ್ಠ ಹತ್ತು ದಿನ. ಪ್ರಾಣಿಯ ಗುರುತನ್ನು ಅವರು ಹೇಳಿದ ಕ್ರಮದಲ್ಲಿ ಮೊದಲೇ ದೃಢಪಡಿಸಿರದಿದ್ದರೆ ಮೂವತ್ತು ದಿನ. ಸಾಲದ್ದಕ್ಕೆ ಭಾರತ ಅವರ ಮಾನ್ಯ ದೇಶಗಳ ಪಟ್ಟಿಯಲ್ಲಿಲ್ಲ. ಇಲ್ಲಿಂದ ನೇರವಾಗಿ ಒಯ್ಯುವಂತಿಲ್ಲ. ಸಿಂಗಪುರದಂತಹ ಮಾನ್ಯ ದೇಶವೊಂದಕ್ಕೆ ಮೊದಲು ಹೋಗಿ, ಅಲ್ಲಿ ತಿಂಗಳುಗಟ್ಟಲೆ ಸಿದ್ಧತೆ ಮುಗಿಸಿ, ಅಲ್ಲಿಂದ ಹಾರಬೇಕು.

ದೋಣಿಯಲ್ಲೇ ಬ್ರಿಸ್ಬೇನ್‌ವರೆಗೆ ಹೋದರೆ? ಪ್ರಾಣಿ ಇದೆ ಎಂದು ಮೊದಲೇ ತಿಳಿಸಬೇಕು. ಆ ಮೇಲೆ ಅಲ್ಲಿರುವಷ್ಟು ದಿನವೂ ಅವು ದೋಣಿಯೊಳಗೆ ಬಂಧಿ. ಅಧಿಕಾರಿಗಳು ಬಂದು ನೋಡುತ್ತಾರೆ. ಮಗಳ ಮನೆಯ ಅಂಗಳದಲ್ಲಿ ಮೊಮ್ಮಕ್ಕಳ ಜೊತೆ ಕರಿಯ ಓಡಾಡುವ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ಅದು ನಡೆಯುವುದಿಲ್ಲ. ನ್ಯೂಜಿಲೆಂಡಿನದೂ ಹೆಚ್ಚುಕಡಿಮೆ ಇದೇ ಕಥೆ.

ಇನ್ನು ನಿಮ್ಮ ನಾವಿಕ ಮಿತ್ರರ ಮಾತು. "ಇಳಿಯದಿದ್ದರೆ ಕೇಳುವುದಿಲ್ಲ" ಎಂಬುದನ್ನು ನಾನು ವರ್ಷಕ್ಕೆ ಒಮ್ಮೆಯಾದರೂ ಕೇಳುತ್ತೇನೆ. ಹೇಳುವವರಿಗೇನು, ದಂಡ ಕಟ್ಟುವವರು ನೀವು. ದಡದಿಂದ 12 ನಾಟಿಕಲ್ ಮೈಲಿಯೊಳಗೆ ಬಂದ ಕ್ಷಣ ನೀವು ಆ ದೇಶದ ಜಲಪ್ರದೇಶದಲ್ಲಿದ್ದೀರಿ. ನಿಮ್ಮ ದೋಣಿಯ ಹಿಂಬದಿಯಲ್ಲಿ ತ್ರಿವರ್ಣ ಹಾರುತ್ತಿದೆ ಎಂದ ಮಾತ್ರಕ್ಕೆ ಅದು ಬಸವನಗುಡಿಯ ತುಂಡಾಗುವುದಿಲ್ಲ. ಹಳದಿ ಬಾವುಟ ಏರಿಸಿ, ಆರೋಗ್ಯ ಮತ್ತು ಕಸ್ಟಮ್ಸ್‌ನವರು ಬರುವವರೆಗೆ ಕಾಯುವುದು ನಿಮಗೆ ನಾನು ಹೇಳಿಕೊಡಬೇಕಾದ ಸಂಗತಿಯಲ್ಲ. ಆಗ ತುಂಬುವ ಅರ್ಜಿಯಲ್ಲಿ ಜೀವಂತ ಪ್ರಾಣಿ ಇದೆಯೇ ಎಂಬ ಸಾಲು ಇರುತ್ತದೆ. ಹಡಗಿನಲ್ಲಿ ಆ ಸಾಲಿಗೆ ಉತ್ತರ ಬರೆಯುತ್ತಿದ್ದವರು ಕ್ಯಾಪ್ಟನ್. ಈಗ ಬರೆಯಬೇಕಾದವರು ನೀವು. "ಇಲ್ಲ" ಎಂದು ಬರೆದು ಸಿಕ್ಕಿಬಿದ್ದರೆ ಅದು ಸುಳ್ಳು ಘೋಷಣೆ. 2015ರಲ್ಲಿ ನಟ ಜಾನಿ ಡೆಪ್ ಮತ್ತು ಆಂಬರ್ ಹರ್ಡ್ ತಮ್ಮ ಎರಡು ಪುಟ್ಟ ಟೆರಿಯರ್ ನಾಯಿಗಳನ್ನು ಖಾಸಗಿ ವಿಮಾನದಲ್ಲಿ ಹೇಳದೆ ಆಸ್ಟ್ರೇಲಿಯಾಕ್ಕೆ ಒಯ್ದರು. ನಾಯಿಗಳನ್ನು ವಾಪಸ್ ಕಳಿಸಿ, ಇಲ್ಲದಿದ್ದರೆ ಕೊಲ್ಲಬೇಕಾಗುತ್ತದೆ ಎಂದು ಅಲ್ಲಿಯ ಕೃಷಿ ಸಚಿವರೇ ಹೇಳಿದರು. ಮರುವರ್ಷ ಆಂಬರ್ ಹರ್ಡ್ ಸುಳ್ಳು ದಾಖಲೆಗಾಗಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಖಾಸಗಿ ವಾಹನ ಎಂಬುದು ಅವರಿಗೇ ರಕ್ಷಣೆ ಕೊಡಲಿಲ್ಲ.

ನಾವಿಕರು ಹೇಳಿದ್ದರಲ್ಲಿ ಸತ್ಯದ ಎಳೆಯೊಂದಿದೆ, ಅದನ್ನೂ ಹೇಳಬೇಕು. ಎಷ್ಟೋ ದೇಶಗಳು ಪ್ರಾಣಿಯನ್ನು ದೋಣಿಯಲ್ಲೇ ಇಟ್ಟುಕೊಂಡು ಲಂಗರು ಹಾಕಲು ಅವಕಾಶ ಕೊಡುತ್ತವೆ. ಆದರೆ ಅದು ಘೋಷಿಸಿ ಪಡೆದ ಅನುಮತಿ. ಕಣ್ಣುತಪ್ಪಿಸಿ ಪಡೆದ ವಿನಾಯಿತಿಯಲ್ಲ.

ಇಷ್ಟೊಂದು ಬಿಗಿ ಏಕೆ ಎಂದು ನಿಮಗೆ ಸಿಟ್ಟು ಬರಬಹುದು. ರೇಬೀಸ್ ನಡುವೆಯೇ ಬದುಕುವ ನಮಗೆ ದ್ವೀಪದವರ ಭಯ ಬೇಗ ಅರ್ಥವಾಗುವುದಿಲ್ಲ. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ 1997ರವರೆಗೆ ರೇಬೀಸ್ ಇರಲಿಲ್ಲ. ಆ ವರ್ಷ ಸುಲಾವೆಸಿಯ ಬಳಿಯ ಬುಟೋನ್ ದ್ವೀಪದಿಂದ ಮೀನುಗಾರರ ದೋಣಿಯಲ್ಲಿ ಕೆಲವು ನಾಯಿಗಳು ಬಂದವು. ಅಷ್ಟೇ. ರೋಗ ದ್ವೀಪವನ್ನೆಲ್ಲ ಹಬ್ಬಿತು, ಲಕ್ಷಾಂತರ ನಾಯಿಗಳನ್ನು ಕೊಂದರೂ ಹೋಗಲಿಲ್ಲ. ಬಾಲಿಗೆ 2008ರಲ್ಲಿ ಬಂದದ್ದೂ ಹೀಗೆ ಯಾರೋ ಸಾಗಿಸಿದ ನಾಯಿಯಿಂದಲೇ ಎಂದು ನಂಬಲಾಗಿದೆ. ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ದ್ವೀಪಕ್ಕೆ ರೇಬೀಸ್ ದೋಣಿಯಲ್ಲೇ ಬರುತ್ತದೆ. ಬಂದರಿನ ಅಧಿಕಾರಿ ನಿಮ್ಮ ಕರಿಯನನ್ನು ನೋಡುವಾಗ ಅವನ ತಲೆಯಲ್ಲಿ ಇರುವುದು ಇದು.

ಈ ರೋಗಕ್ಕೆ ಇನ್ನೊಂದು ಕೆಟ್ಟ ಗುಣವಿದೆ. ಕಚ್ಚಿಸಿಕೊಂಡ ನಾಯಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಚೆನ್ನಾಗಿಯೇ ಇರುತ್ತದೆ. ಉಣ್ಣುತ್ತದೆ, ಆಡುತ್ತದೆ, ಬಾಲ ಅಲ್ಲಾಡಿಸುತ್ತದೆ. ಬದುಕಿರುವ ಪ್ರಾಣಿಯಲ್ಲಿ ಆ ಹಂತದಲ್ಲಿ ರೋಗ ಇಲ್ಲ ಎಂದು ಹೇಳುವ ಪರೀಕ್ಷೆ ನಮ್ಮ ಕೈಯಲ್ಲಿ ಇಲ್ಲ. ಹಾಗಾಗಿ ದೇಶಗಳು ಎರಡು ಕೆಲಸ ಮಾಡುತ್ತವೆ: ಲಸಿಕೆ ಹಿಡಿದಿದೆಯೇ ಎಂದು ರಕ್ತದಲ್ಲಿ ನೋಡುತ್ತವೆ, ಆಮೇಲೆ ಕಾಯುತ್ತವೆ. ಕಾಯುವಿಕೆಯನ್ನು ದುಡ್ಡು ಕೊಟ್ಟು ಕಡಿಮೆ ಮಾಡಲು ಆಗುವುದಿಲ್ಲ. ಮಂತ್ರಿಗಳ ಶಿಫಾರಸು ಪತ್ರ ಹಿಡಿದು ನನ್ನ ಪಶುಚಿಕಿತ್ಸಾಲಯಕ್ಕೆ ಬಂದವರಿದ್ದಾರೆ. ವೈರಸ್ಸಿಗೆ ಓದಲು ಬರುವುದಿಲ್ಲ ಎಂದು ಹೇಳಿ ಕಳುಹಿಸಿದ್ದೇನೆ.

ಈಗ ಪುಸ್ತಕದ ವಿಷಯ. ಪ್ರತಿ ಮಾರ್ಚ್‌ನಲ್ಲಿ ಚುಚ್ಚುಮದ್ದು ಹಾಕಿಸಿದ್ದೀರಿ, ಸಂತೋಷ. ಆದರೆ ಪತ್ರದಲ್ಲಿ ಎಲ್ಲಿಯೂ ಮೈಕ್ರೋಚಿಪ್ ಎಂಬ ಪದ ಕಾಣಲಿಲ್ಲ. ಕರಿಯ ಬೀದಿಯಿಂದ ಬಂದವನಾದ್ದರಿಂದ ಸಂತಾನಹರಣ ಮಾಡಿದ ಗುರುತಿಗೆ ಕಿವಿಯ ತುದಿ ಕತ್ತರಿಸಿರಬಹುದು. ನಮ್ಮೂರಲ್ಲಿ ಅದು ಗುರುತು, ಹೊರಗೆ ಅದಕ್ಕೆ ಬೆಲೆಯಿಲ್ಲ. ಐಎಸ್‌ಒ ಮಾನದಂಡದ 15 ಅಂಕಿಯ ಚಿಪ್ ಬೇಕು. ಅಕ್ಕಿಕಾಳಿನಷ್ಟು ದೊಡ್ಡದು, ಭುಜಗಳ ನಡುವೆ ಚರ್ಮದಡಿ ದಪ್ಪ ಸೂಜಿಯಿಂದ ಸೇರಿಸುತ್ತೇವೆ, ಅರ್ಧ ನಿಮಿಷದ ಕೆಲಸ. ಮುಖ್ಯವಾದ ಮಾತು ಇದು: ಚಿಪ್ ಮೊದಲು, ರೇಬೀಸ್ ಲಸಿಕೆ ನಂತರ. ಚಿಪ್‌ಗಿಂತ ಮೊದಲು ಹಾಕಿದ ಚುಚ್ಚುಮದ್ದು ಯಾವ ನಾಯಿಯದು ಎಂಬುದಕ್ಕೆ ಸಾಕ್ಷಿಯಿಲ್ಲ. ಎಲ್ಲರ ಪುಸ್ತಕದಲ್ಲೂ ಒಂದೊಂದು ಕರಿಯ ಇರುತ್ತಾನಲ್ಲ! ಆದ್ದರಿಂದ ಆ ಆರೇಳು ಮಾರ್ಚ್‌ಗಳು ಕರಿಯನ ದೇಹಕ್ಕೆ ಉಪಯೋಗವಾಗಿವೆ, ನಿಮ್ಮ ಕಡತಕ್ಕೆ ಆಗಿಲ್ಲ.

ಚಿಪ್ ಹಾಕಿ, ರೇಬೀಸ್ ಲಸಿಕೆಯನ್ನು ಮತ್ತೆ ಕೊಟ್ಟು, ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಯಬೇಕು. ಅದರಲ್ಲಿ ರೇಬೀಸ್ ಪ್ರತಿಕಾಯ ಒಂದು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ ಅಥವಾ ಅದಕ್ಕಿಂತ ಹೆಚ್ಚಿರಬೇಕು. ವರ್ಷವರ್ಷ ಲಸಿಕೆ ಕಂಡ ನಾಯಿಗಳು ಸಾಮಾನ್ಯವಾಗಿ ದಾಟುತ್ತವೆ. ಜೀವನದಲ್ಲಿ ಒಂದೇ ಒಂದು ಲಸಿಕೆ ಕಂಡ ಮರಿಗಳೇ ಹೆಚ್ಚಾಗಿ ತಪ್ಪುವುದು. ಪರೀಕ್ಷೆ ನಡೆಯುವ ಪ್ರಯೋಗಾಲಯ ನೀವು ಹೋಗುವ ದೇಶ ಒಪ್ಪಿದ ಪಟ್ಟಿಯಲ್ಲಿ ಇರಬೇಕು. ಹೆಸರುವಾಸಿ ಸಂಸ್ಥೆ ಎಂಬುದು ಲೆಕ್ಕಕ್ಕಿಲ್ಲ, ಪಟ್ಟಿಯಲ್ಲಿದೆಯೇ ಎಂಬುದೇ ಲೆಕ್ಕ. ಯುರೋಪ್ ಒಕ್ಕೂಟವಾದರೆ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಜಪಾನಿನದು 180 ದಿನ. ಆಸ್ಟ್ರೇಲಿಯಾದ್ದೂ ಅಷ್ಟೇ, ಆದರೆ ಅವರ ಲೆಕ್ಕ ರಕ್ತ ಪ್ರಯೋಗಾಲಯ ತಲುಪಿದ ದಿನದಿಂದ. ಜುಲೈ ಮಧ್ಯದಲ್ಲಿ ರಕ್ತ ತೆಗೆದರೆ 180 ದಿನ ಮುಗಿಯುವುದು ಜನವರಿ ಎರಡನೇ ವಾರಕ್ಕೆ. ಜೂನ್‌ನಲ್ಲಿ ಬರೆದದ್ದು ಒಳ್ಳೆಯದಾಯಿತು ಎಂದದ್ದು ಇದಕ್ಕೆ. ಆಮೇಲೆ ಮುಂದಿನ ರೇಬೀಸ್ ಲಸಿಕೆ ಒಂದು ದಿನ ತಡವಾದರೂ ಯುರೋಪಿನ ಲೆಕ್ಕದಲ್ಲಿ ರಕ್ತಪರೀಕ್ಷೆ ರದ್ದು, ಮೊದಲಿನಿಂದ ಶುರು. ಅವಧಿ ಮೀರದಂತೆ ನೋಡಿಕೊಂಡರೆ ಅದೇ ಪರೀಕ್ಷೆ ಜೀವನಪೂರ್ತಿ ನಡೆಯುತ್ತದೆ. ನಡುಸಮುದ್ರದಲ್ಲಿ ಗಡುವು ಬೀಳುವಂತೆ ಇಟ್ಟುಕೊಳ್ಳಬೇಡಿ. ಹೊರಡುವ ಮುಂಚೆ, ಗಡುವಿಗೆ ಮೊದಲೇ ಲಸಿಕೆ ಹಾಕಿಸಿಬಿಡಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಜರ್ಮನಿಗೆ ಹೊರಟ ಒಂದು ಲ್ಯಾಬ್ರಡಾರಿನ ರಕ್ತದ ನಳಿಕೆಯ ಮೇಲೆ ಚಿಪ್ ಸಂಖ್ಯೆ ಬರೆಯುವಾಗ ನಾನು 6ರ ಜಾಗದಲ್ಲಿ 0 ಬರೆದೆ. ಅರ್ಜಿಯಲ್ಲೂ ಅದನ್ನೇ ನಕಲು ಮಾಡಿದೆ. ಪ್ರಯೋಗಾಲಯದ ವರದಿ ಚೆನ್ನಾಗಿ ಬಂತು, ಆದರೆ ಬೇರೆ ನಾಯಿಯ ಹೆಸರಲ್ಲಿ ಬಂದಂತೆ ಆಯಿತು. ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ಆ ಮನೆಯವರು ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅಂದಿನಿಂದ ನನ್ನ ಕ್ಲಿನಿಕ್ಕಿನಲ್ಲಿ ಒಂದು ಪದ್ಧತಿ ಇದೆ. ಸ್ಕ್ಯಾನರ್ ಪರದೆಯ ಮೇಲೆ ಸಂಖ್ಯೆ ಮೂಡಿದಾಗ ನಾನು ಮೂರು ಮೂರು ಅಂಕಿಯಾಗಿ ಗಟ್ಟಿಯಾಗಿ ಓದುತ್ತೇನೆ, ನಾಯಿಯ ಯಜಮಾನರು ಬರೆದುಕೊಂಡು ಹಿಂದಿರುಗಿ ನನಗೆ ಓದಿ ಹೇಳುತ್ತಾರೆ, ಪರದೆಯ ಫೋಟೊ ಅವರ ಮೊಬೈಲಿನಲ್ಲಿ ಉಳಿಯುತ್ತದೆ. ಯಾವ ವೈದ್ಯರ ಬಳಿ ಹೋದರೂ ನೀವು ಹೀಗೆ ಮಾಡಿಸಿ. ಬಂದರಿನಲ್ಲಿ ಪ್ರತಿ ಸಲವೂ ಮೊದಲು ಕೇಳುವುದು ಆ 15 ಅಂಕಿಗಳನ್ನೇ.

ನಿಮ್ಮ ದಾರಿಗೆ ಬರೋಣ. ಮೊದಲ ಬಂದರೇ ತೊಡಕಿನದು. ಮಾಲ್ಡೀವ್ಸ್ ನಾಯಿಗಳನ್ನು ದೇಶದೊಳಗೆ ಬಿಟ್ಟುಕೊಳ್ಳುವುದಿಲ್ಲ. ಸಾಕುನಾಯಿಯ ಆಮದು ನಿಷೇಧ. ಬೆಕ್ಕಿಗೆ ಅನುಮತಿ ಸಿಗುತ್ತದೆ. ಕೊಚ್ಚಿಯಿಂದ ಮಾಲ್ಡೀವ್ಸ್‌ನ ಉತ್ತರದ ದ್ವೀಪ ಉಲಿಗಮುವಿಗೆ ಸುಮಾರು 260 ನಾಟಿಕಲ್ ಮೈಲಿ, ಗಂಟೆಗೆ ಐದು ಮೈಲಿಯಂತೆ ಎರಡು ದಿನ ಮೇಲೆ. ಎರಡು ದಿನ ಸಮುದ್ರ ದಾಟಿ, ಕಣ್ಣೆದುರು ಬಿಳಿ ಮರಳು ಕಂಡು, ಕರಿಯ ಮಾತ್ರ ಕೆಳಗಿನ ಕೋಣೆಯಲ್ಲಿ ಕೊರಗುತ್ತಾ ಕೂರಬೇಕು. ಅವನು ಜೊತೆಗಿದ್ದರೆ ಮಾಲ್ಡೀವ್ಸನ್ನು ಬಿಟ್ಟುಬಿಡಿ, ಕನ್ಯಾಕುಮಾರಿ ಸುತ್ತಿ ನೇರ ಶ್ರೀಲಂಕಾದ ಗಾಲೆಗೆ ಹೋಗಿ. ಅದು ಸುಮಾರು 350 ಮೈಲಿ.

ಶ್ರೀಲಂಕಾಕ್ಕೆ ಅಲ್ಲಿಯ ಪಶುಸಂಗೋಪನಾ ಇಲಾಖೆಯಿಂದ, ಥಾಯ್ಲೆಂಡಿಗೆ ಅವರ ಜಾನುವಾರು ಅಭಿವೃದ್ಧಿ ಇಲಾಖೆಯಿಂದ ಮೊದಲೇ ಆಮದು ಪರವಾನಗಿ ಪಡೆಯಬೇಕು. ಮಲೇಷ್ಯಾ, ಸಿಂಗಪುರಗಳಿಗೂ ಪರವಾನಗಿ ಬೇಕು, ಭಾರತದ ಪ್ರಾಣಿಗೆ ಕ್ವಾರಂಟೈನ್ ಸಹ ಕಾದಿರುತ್ತದೆ. ಅರ್ಜಿಯಲ್ಲಿ ವಿಮಾನದ ಸಂಖ್ಯೆ ಕೇಳುವ ಅಂಕಣ ಇದ್ದೇ ಇರುತ್ತದೆ, ಅಲ್ಲಿ ದೋಣಿಯ ಹೆಸರು ಮತ್ತು ನೋಂದಣಿ ಸಂಖ್ಯೆ ಬರೆಯಿರಿ. ಯಾವ ಬಂದರಿಗೆ ಬರುತ್ತೀರಿ, ಅಲ್ಲಿ ಪಶುವೈದ್ಯಾಧಿಕಾರಿ ಇದ್ದಾರೆಯೇ ಎಂಬುದನ್ನು ಪತ್ರ ಬರೆದು ಕೇಳಿ, ಅವರ ಉತ್ತರವನ್ನು ಮುದ್ರಿಸಿ ಕಡತದಲ್ಲಿಡಿ. ವಿಮಾನ ನಿಲ್ದಾಣದಲ್ಲಿ ದಿನಕ್ಕೆ ಹತ್ತು ನಾಯಿ ನೋಡುವ ಇಲಾಖೆಗೇ ದೋಣಿಯಲ್ಲಿ ಬಂದ ನಾಯಿ ಎಂದರೆ ಗೊಂದಲ. ಅವರ ಗೊಂದಲ ಬಿಡಿಸುವ ಕಾಗದ ನಿಮ್ಮ ಕೈಯಲ್ಲಿರಬೇಕು.

ಹೊರಡುವಾಗ ನಮ್ಮ ದೇಶದಿಂದ ಆರೋಗ್ಯ ಪ್ರಮಾಣಪತ್ರ ಕೊಡುವುದು ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ. ಅದರ ಕಚೇರಿ ಬೆಂಗಳೂರಿನಲ್ಲೂ ಇದೆ. ಇಲ್ಲಿ ದೋಣಿಯವರಿಗೇ ವಿಶೇಷವಾದ ಒಂದು ಇಕ್ಕಟ್ಟಿದೆ. ಪ್ರಮಾಣಪತ್ರದ ಆಯುಸ್ಸು ಕೆಲವೇ ದಿನ. ವಿಮಾನ ಹೇಳಿದ ದಿನ ಹಾರುತ್ತದೆ. ಹಾಯಿದೋಣಿ ಗಾಳಿ ಬಂದ ದಿನ ಹೊರಡುತ್ತದೆ. ಬೆಂಗಳೂರಿನಲ್ಲಿ ಪತ್ರ ಪಡೆದು, ರಾತ್ರಿಯೆಲ್ಲ ಕಾರಿನಲ್ಲಿ ಕೊಚ್ಚಿ ಸೇರಿ, ಹವಾಮಾನ ಕೆಟ್ಟು ಎಂಟು ದಿನ ಕಾದರೆ ಪತ್ರ ಸತ್ತಿರುತ್ತದೆ. ಯುರೋಪ್ ಒಕ್ಕೂಟ ಮಾತ್ರ ಈ ವಿಷಯದಲ್ಲಿ ಉದಾರಿ: ಪತ್ರದ ಹತ್ತು ದಿನದ ಅವಧಿಗೆ ಸಮುದ್ರಯಾನದ ದಿನಗಳನ್ನು ಸೇರಿಸಿಕೊಡುತ್ತದೆ. ಉಳಿದವರಿಂದ ಅದನ್ನು ನಿರೀಕ್ಷಿಸಬೇಡಿ. ಪತ್ರ ಮತ್ತೆ ಮಾಡಿಸಬೇಕಾಗಬಹುದು ಎಂದು ಮೊದಲೇ ಲೆಕ್ಕಹಾಕಿ, ಹಣ ಮತ್ತು ಒಂದು ವಾರವನ್ನು ಬದಿಗಿಡಿ.

ವಾಪಸ್ ಬರುವುದನ್ನು ಜನ ಮರೆಯುತ್ತಾರೆ. ಭಾರತಕ್ಕೂ ನಾಯಿ, ಬೆಕ್ಕು ತರಲು ನಿಯಮಗಳಿವೆ. ಗೊತ್ತುಪಡಿಸಿದ ದ್ವಾರಗಳಲ್ಲಿ ಮಾತ್ರ, ಅದೇ ಕ್ವಾರಂಟೈನ್ ಸೇವೆಯ ನಿರಾಕ್ಷೇಪಣಾ ಪತ್ರದೊಂದಿಗೆ. ಕರಿಯ ಇಲ್ಲಿಂದಲೇ ಹೋದವನು ಎಂಬುದಕ್ಕೆ ಹೊರಟಾಗಿನ ಪ್ರಮಾಣಪತ್ರದ ಮೂಲಪ್ರತಿ ಬೇಕಾಗುತ್ತದೆ. ಅದನ್ನು ಯಾವ ಬಂದರಿನಲ್ಲೂ ಬಿಟ್ಟುಕೊಡಬೇಡಿ, ನಕಲು ಕೊಡಿ.

ಮುಂದೆ ಯೋಜನೆ ಬದಲಿಸಿದರೆ ಗೊತ್ತಿರಲಿ ಎಂದು ಇನ್ನೆರಡು ಮಾತು. ಇಂಗ್ಲೆಂಡಿಗೆ ಖಾಸಗಿ ದೋಣಿಯಲ್ಲಿ ಸಾಕುಪ್ರಾಣಿ ತರುವುದು ಐರ್ಲೆಂಡಿನಿಂದ ಮಾತ್ರ ಸಾಧ್ಯ. ಅಮೆರಿಕ 2024ರ ಆಗಸ್ಟ್‌ನಿಂದ ಬಿಗಿ ಮಾಡಿದೆ. ಭಾರತದಂತಹ ರೇಬೀಸ್ ಅಪಾಯದ ದೇಶದಲ್ಲಿ ಲಸಿಕೆ ಪಡೆದು ಅಲ್ಲಿಂದ ಬರುವ ನಾಯಿ ಗೊತ್ತುಪಡಿಸಿದ ವಿಮಾನ ನಿಲ್ದಾಣಗಳಲ್ಲೇ ಇಳಿಯಬೇಕು, ಸಮುದ್ರದ ದಾರಿ ಮುಚ್ಚಿದೆ.

ಕಾಗದ ಸಾಕು. ದೇಹಕ್ಕೆ ಬರೋಣ.

ನಿಮ್ಮ ಮನೆಯವರ ಪ್ರಶ್ನೆಗೆ: ನಿದ್ದೆಯ ಔಷಧಿ ಬೇಡ. ಪಶುವೈದ್ಯರು ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಅಸೆಪ್ರೊಮಜಿನ್ ರಕ್ತದೊತ್ತಡ ಇಳಿಸುತ್ತದೆ, ಮೈಯ ಶಾಖವನ್ನು ಕಾಯ್ದುಕೊಳ್ಳುವ ಶಕ್ತಿಯನ್ನು ಕುಂದಿಸುತ್ತದೆ. ನಾಯಿ ಶಾಂತವಾದಂತೆ ಕಾಣುತ್ತದೆ, ಆದರೆ ಭಯ ಹಾಗೆಯೇ ಇರುತ್ತದೆ, ಕಾಲು ಮಾತ್ರ ಸೋತಿರುತ್ತದೆ. ಓಲಾಡುವ ದೋಣಿಯಲ್ಲಿ ಸೋತ ಕಾಲಿನ ನಾಯಿ ನೀರಿಗೆ ಬಿದ್ದರೆ ಈಜಲಾರದು. ನಿಮಗೆ ಬೇಕಾದದ್ದು ವಾಂತಿ ತಡೆಯುವ ಔಷಧಿ. ಮರೋಪಿಟಂಟ್ ಎಂಬ ಮಾತ್ರೆ ನಾಯಿಗಳ ಪ್ರಯಾಣದ ವಾಂತಿಗೆಂದೇ ಇರುವುದು, ಮಂಪರು ತರುವುದಿಲ್ಲ. ತೂಕ ನೋಡಿ ಪ್ರಮಾಣ ಬರೆದುಕೊಡುತ್ತೇನೆ. ಮೊದಲ ಮಾತ್ರೆಯನ್ನು ಸಮುದ್ರದಲ್ಲಿ ಕೊಡಬೇಡಿ, ನಂದಿ ಬೆಟ್ಟದ ತಿರುವುಗಳಲ್ಲಿ ಒಂದು ಭಾನುವಾರ ಪ್ರಯೋಗ ಮಾಡಿ.

ಕರಿಯನ ಕಾಲೆತ್ತುವ ಸಮಸ್ಯೆಯನ್ನು ನೀವು ಫಜೀತಿ ಎಂದು ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಇಡೀ ಪತ್ರದಲ್ಲಿ ಅತಿ ಗಂಭೀರವಾದ ಸಾಲು ಅದೇ. ಹಟ ಹಿಡಿದ ನಾಯಿ ಒಂದು ದಿನ, ಒಂದೂವರೆ ದಿನ ಮೂತ್ರ ತಡೆದುಕೊಂಡದ್ದನ್ನು ನಾನು ನೋಡಿದ್ದೇನೆ. ಗಾಲೆಯಿಂದ ಥಾಯ್ಲೆಂಡಿನ ಫುಕೆಟ್‌ಗೆ ಸುಮಾರು 1,100 ಮೈಲಿ, ಒಂಬತ್ತು ಹತ್ತು ದಿನ ನೆಲ ಕಾಣುವುದಿಲ್ಲ. ಆದ್ದರಿಂದ ಹುಲ್ಲನ್ನೇ ದೋಣಿಗೆ ಒಯ್ಯಬೇಕು. ಎರಡು ಅಡಿಗೆ ಮೂರು ಅಡಿಯ ಕೃತಕ ಹುಲ್ಲಿನ ಚಾಪೆ ತಂದು, ಒಂದು ಮೂಲೆಗೆ ತೂತು ಮಾಡಿ ಹಗ್ಗ ಕಟ್ಟಿ. ಮೊದಲ ವಾರ ಅದನ್ನು ಅವನು ದಿನಾ ಕಾಲೆತ್ತುವ ಜಾಗದಲ್ಲೇ ಹಾಸಿ, ಅವನದೇ ಮೂತ್ರ ಅದರ ಮೇಲೆ ಬೀಳಲಿ. ಅದನ್ನು ತೊಳೆಯಬೇಡಿ. ಆಮೇಲೆ ದಿನಕ್ಕೆ ನಾಲ್ಕು ಅಡಿಯಂತೆ ಮನೆಯ ಗೇಟಿನತ್ತ ಸರಿಸಿ, ಗೇಟಿನೊಳಗೆ, ಮೆಟ್ಟಿಲ ಬುಡಕ್ಕೆ, ಕೊನೆಗೆ ತಾರಸಿಗೆ. ಪ್ರತಿ ಸಲ ಒಂದೇ ಪದ ಹೇಳಿ, ಮುಗಿದ ತಕ್ಷಣ ಅವನಿಗೆ ಪ್ರಿಯವಾದದ್ದು ಬಾಯಿಗೆ ಹಾಕಿ. ಇಬ್ಬರೂ ಒಂದೇ ಪದ ಬಳಸಬೇಕು. ನೀವು "ಮಾಡು" ಎನ್ನುವುದು, ಮನೆಯವರು "ಹೋಗು ಕಂದಾ" ಎನ್ನುವುದು ಬೇಡ. ನೆರೆಹೊರೆಯವರು ತಾರಸಿಯ ವಾಸನೆಗೆ ಗೊಣಗುತ್ತಾರೆ, ಎರಡು ತಿಂಗಳು ಸಹಿಸಿಕೊಳ್ಳಲು ಕೇಳಿ. ದೋಣಿಯಲ್ಲಿ ಚಾಪೆಯನ್ನು ಮುಂಭಾಗದಲ್ಲಿ ಹಾಸಿ, ಕೆಲಸವಾದ ಮೇಲೆ ಹಗ್ಗ ಹಿಡಿದು ನೀರಿಗೆ ಬಿಟ್ಟು ಎಳೆದುಕೊಂಡರೆ ತೊಳೆದಾಯಿತು. ಸ್ವಲ್ಪ ವಾಸನೆ ಉಳಿಯಲಿ, ಅವನಿಗೆ ಅದೇ ವಿಳಾಸ.

ಕುಡಿಯುವ ನೀರನ್ನು ನಾಯಿಗೆ ಬೇರೆಯೇ ಲೆಕ್ಕ ಹಾಕಿ. ಕಿಲೋಗೆ ದಿನಕ್ಕೆ 50ರಿಂದ 60 ಮಿಲಿಲೀಟರ್ ಎಂದರೂ ಕರಿಯನಿಗೆ ಒಂದು ಲೀಟರ್. ಆ ಬಿಸಿಲಿಗೆ ಒಂದೂವರೆ ಇಟ್ಟುಕೊಳ್ಳಿ. ಹತ್ತು ದಿನಕ್ಕೆ 15 ಲೀಟರ್, ಪ್ರತ್ಯೇಕ ಕ್ಯಾನಿನಲ್ಲಿ. ಬಾಯಾರಿದ ನಾಯಿ ದೋಣಿಯ ಮೇಲೆ ನಿಂತ ಉಪ್ಪುನೀರನ್ನು ನೆಕ್ಕುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ಮೊದಲು ವಾಂತಿ, ಭೇದಿ, ಆಮೇಲೆ ನಡುಕ, ಸೆಳೆತ. ದಡದಿಂದ ಐನೂರು ಮೈಲಿ ದೂರದಲ್ಲಿ ಅದಕ್ಕೆ ಚಿಕಿತ್ಸೆಯಿಲ್ಲ. ಬಿಸಿಲಿನ ವಿಷಯ ಹೇಳಬೇಕಾಗಿಲ್ಲ; ಬೆಂಗಳೂರಿನ ಹವೆಯಲ್ಲಿ ಬೆಳೆದ ನಾಯಿ ಅದು. ಅಂಗೈ ಹಿಂಭಾಗವನ್ನು ಡೆಕ್ಕಿನ ಮೇಲೆ ಐದು ಸೆಕೆಂಡು ಇಡಲು ನಿಮಗೆ ಆಗದಿದ್ದರೆ ಅವನ ಪಾದಕ್ಕೂ ಆಗುವುದಿಲ್ಲ. ಬೆನ್ನ ಮೇಲೆ ಹಿಡಿಕೆ ಇರುವ ಜೀವರಕ್ಷಕ ಅಂಗಿ ಕಡ್ಡಾಯ, ಆ ಹಿಡಿಕೆಯಲ್ಲಿ 18 ಕಿಲೋ ಎತ್ತಲು ನಿಮ್ಮಿಬ್ಬರಿಗೂ ಆಗುತ್ತದೆಯೇ ಎಂದು ಮೊದಲೇ ನೋಡಿ. ನಗರದ ಹೊರವಲಯದಲ್ಲಿ ಈಗ ನಾಯಿಗಳ ಈಜುಕೊಳಗಳಿವೆ, ಅಲ್ಲಿ ಅಭ್ಯಾಸ ಮಾಡಿಸಿ.

ಬೆಂಗಳೂರಿನ ಬೀದಿಯಲ್ಲಿ ಹುಟ್ಟಿದ ನಾಯಿ ಎಂದರೆ ನನಗೆ ಮೊದಲು ನೆನಪಾಗುವುದು ಉಣ್ಣಿ ಜ್ವರ. ಎರ್ಲಿಕಿಯಾ ಎಂಬ ಸೂಕ್ಷ್ಮಾಣು ರಕ್ತದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿದ್ದು, ಮೈ ಸೋತಾಗ ತಲೆಯೆತ್ತುತ್ತದೆ. ಪ್ಲೇಟ್‌ಲೆಟ್ ಇಳಿದು ಮೂಗಿನಲ್ಲಿ ರಕ್ತ ಬರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಹೊರಡುವ ಮೊದಲು ರಕ್ತಪರೀಕ್ಷೆ ಮಾಡಿಸೋಣ, ಇದ್ದರೆ ಇಲ್ಲೇ ಪೂರ್ತಿ ಚಿಕಿತ್ಸೆ ಮುಗಿಸೋಣ.

ಪುಟ್ಟಿಯ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಮರಳಿನ ತಟ್ಟೆ, ಅಡಗಿಕೊಳ್ಳಲು ಒಂದು ಗೂಡು, ಒಂದು ಕಿಟಕಿ ಇದ್ದರೆ ಬೆಕ್ಕು ದೋಣಿಯನ್ನು ಮನೆಯೆಂದೇ ಒಪ್ಪಿಕೊಳ್ಳುತ್ತದೆ. ದೋಣಿಯ ಸುತ್ತ ಬಲೆ ಕಟ್ಟಿ. ಹಿಂಬದಿಯಲ್ಲಿ ನೀರಿಗೆ ಮುಟ್ಟುವಂತೆ ತೆಂಗಿನ ನಾರಿನ ಚಾಪೆಯ ಪಟ್ಟಿ ಇಳಿಬಿಡಿ. ಲಂಗರು ಹಾಕಿದಾಗ ಬಿದ್ದರೆ ಉಗುರು ಕಚ್ಚಿ ಹತ್ತಿ ಬರುತ್ತದೆ. ನಿಮ್ಮ ಔಷಧಿ ಪೆಟ್ಟಿಗೆಯ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು. ಜ್ವರ ಬಂದಿದೆ ಎಂದು ಅಕ್ಕರೆಯಿಂದ ಕೊಟ್ಟು ಕಳೆದುಕೊಂಡವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಹಾಗಾದರೆ ನನ್ನ ಸಲಹೆ? ನನ್ನ ಮನೆಯ ನಾಯಿಯಾಗಿದ್ದರೆ ಹೀಗೆ ಮಾಡುತ್ತಿದ್ದೆ. ಈ ತಿಂಗಳೇ ಚಿಪ್, ಲಸಿಕೆ; ಜುಲೈಯಲ್ಲಿ ರಕ್ತ. ಎಲ್ಲಿಗೆ ಹೋದರೂ, ಹೋಗದಿದ್ದರೂ, ಅದು ವ್ಯರ್ಥವಲ್ಲ. ಮಳೆಗಾಲ ಮುಗಿದ ಮೇಲೆ ನವೆಂಬರ್‌ನಲ್ಲಿ ಕೊಚ್ಚಿಯಿಂದ ಮಂಗಳೂರಿಗೆ ಒಂದು ಸುತ್ತು. ಎರಡು ದಿನದ ದಾರಿ, ನಮ್ಮದೇ ಕರಾವಳಿ, ಪರದೇಶದ ಕಾಗದದ ಕಾಟವಿಲ್ಲ. ಕರಿಯ ಚಾಪೆ ಬಳಸಿದನೇ, ಉಂಡನೇ, ರಾತ್ರಿ ಮಲಗಿದನೇ ಎಂದು ಬರೆದಿಡಿ. ಎರಡನೆಯ ದಿನವೂ ಜೊಲ್ಲು ಸುರಿಸುತ್ತಾ ಮೂಲೆಯಲ್ಲಿ ನಡುಗುತ್ತಿದ್ದರೆ ಅವನ ಉತ್ತರ ಸಿಕ್ಕಿತು; ಅದನ್ನು ಒಪ್ಪಿಕೊಳ್ಳಿ. ನಿಮ್ಮ ಕನಸಿಗೆ ಅವನು ಸಹಿ ಹಾಕಿಲ್ಲ.

ಅವನು ಒಪ್ಪಿದರೆ ಮೊದಲ ವರ್ಷ ಶ್ರೀಲಂಕಾ, ಥಾಯ್ಲೆಂಡ್ ಸಾಕು, ಪರವಾನಗಿ ಪಡೆದು. ಅಪಾಯ ಇದೆ: ಹತ್ತು ದಿನದ ದಾಟುವಿಕೆಯಲ್ಲಿ ಹೊಟ್ಟೆ ತಿರುಚಿಕೊಂಡರೆ, ಹಾವಿನಂತೆ ಸುತ್ತಿದ ಮೀನಿನ ಗಾಳ ನುಂಗಿದರೆ, ನೀವೇ ವೈದ್ಯರು. ಬ್ರಿಸ್ಬೇನಿಗೆ ಮಾತ್ರ ದೋಣಿಯಲ್ಲಿ ಅವರನ್ನು ಒಯ್ಯಬೇಡಿ. ಅಲ್ಲಿ ಆರು ತಿಂಗಳಿಗಿಂತ ಹೆಚ್ಚು ಇರುವ ಯೋಚನೆಯಿದ್ದರೆ ಮಾನ್ಯ ದೇಶದ ಮೂಲಕ ವಿಮಾನದಲ್ಲಿ ಕಳುಹಿಸುವುದು ಖರ್ಚಿನದಾದರೂ ನೇರ ದಾರಿ. ಎರಡು ತಿಂಗಳು ಇದ್ದು ಬರುವುದಾದರೆ ಇಬ್ಬರನ್ನೂ ಬಸವನಗುಡಿಯಲ್ಲೇ, ಅವರಿಗೆ ಪರಿಚಯವಿರುವ ಯಾರದಾದರೂ ಕೈಯಲ್ಲಿ ಬಿಡಿ. ಆ ವೇಳೆಗೆ ಕರಿಯನಿಗೆ ಒಂಬತ್ತಾಗಿರುತ್ತದೆ. ಒಂಬತ್ತರ ನಾಯಿಗೆ ಹೊಸ ಖಂಡಕ್ಕಿಂತ ಹಳೆಯ ಜಗುಲಿ ಹಿತ. ಬಿಟ್ಟು ಹೋಗುವುದು ಪ್ರೀತಿ ಕಡಿಮೆ ಎಂಬುದರ ಲಕ್ಷಣ ಎಂದು ನಾನು ಒಪ್ಪುವುದಿಲ್ಲ, ಮನೆಯವರು ಒಪ್ಪುವುದು ಕಷ್ಟ ಎಂಬುದೂ ಗೊತ್ತು.

ಚಿಪ್‌ಗೆ ಬರುವಾಗ ಹಳೆಯ ಲಸಿಕೆಯ ಪುಸ್ತಕ ತನ್ನಿ, ಪುಟ್ಟಿಯನ್ನೂ ಕರೆತನ್ನಿ. ಕೃತಕ ಹುಲ್ಲಿನ ಚಾಪೆಯನ್ನು ಮಾತ್ರ ಅದಕ್ಕೂ ಮೊದಲು, ಈ ವಾರವೇ ಕೊಳ್ಳಿ. ಚಿಪ್‌ಗೆ ಅರ್ಧ ನಿಮಿಷ ಸಾಕು, ಗೇಟಿನಿಂದ ತಾರಸಿಯವರೆಗಿನ ದಾರಿಗೆ ಎರಡು ತಿಂಗಳು ಬೇಕು.